ತಾರಸಿ ಮೇಲೆ ಥರ್ಮಾಕೋಲಾ, ಸಾರ್?

ನಾವು ಕಟ್ಟಿಸುತ್ತಿದ್ದ ಮನೆಗೆ ತಾರಸಿ ಹಾಕಿ ತಿಂಗಳಾಗಿತ್ತು. ಸೆಂಟ್ರಿಂಗ್ ಬಿಚ್ಚಿದ್ದರು, ಗೋಡೆಗೆ ಇನ್ನೂ ಗಾರೆ ಆಗಿರಲಿಲ್ಲ. ಸಿಮೆಂಟ್ ಮೂಟೆಗಳಿಗೆ ಟಾರ್ಪಾಲ್ ಸರಿಯಾಗಿ ಹೊದಿಸಿದ್ದಾರಾ ಅಂತ ನೋಡಲು ಒಂದು ರಾತ್ರಿ 10 ಗಂಟೆಗೆ ಹೋದೆ. ಹೊರಗೆ ತಣ್ಣನೆ ಗಾಳಿ. ಒಳಗೆ ಕಾಲಿಟ್ಟರೆ ಸೆಕೆ! ಕಿಟಕಿ ಬಾಗಿಲು ಯಾವುದೂ ಇಲ್ಲ, ಮನೆ ನಾಲ್ಕೂ ಕಡೆ ತೆರೆದೇ ಇದೆ. ಆದರೂ ಸೆಕೆ. ಏಣಿ ಹತ್ತಿ ಸೂರಿಗೆ ಕೈ ಇಟ್ಟೆ. ಬೆಚ್ಚಗಿತ್ತು.

ಮರುದಿನವೇ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಗುರಿ ಹಿಡಿದು ಒತ್ತಿದರೆ ಆ ಜಾಗ ಎಷ್ಟು ಬಿಸಿ ಇದೆ ಅಂತ ತೋರಿಸುತ್ತದೆ. ಮಧ್ಯಾಹ್ನ 2 ಗಂಟೆಗೆ ತಾರಸಿಯ ಮೇಲೆ 58 ಡಿಗ್ರಿ. ಆಗ ಒಳಗಿನ ಸೂರು 36. ಪರವಾಗಿಲ್ವೇ ಅಂದುಕೊಂಡೆ. ಸಂಜೆ 6ಕ್ಕೆ ನೋಡಿದರೆ ಮೇಲಿನದು ಇಳಿದಿತ್ತು, ಒಳಗಿನದು 42ಕ್ಕೆ ಏರಿತ್ತು. ರಾತ್ರಿ 10ಕ್ಕೂ 38. 5 ಇಂಚಿನ ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಅದನ್ನು ನಮ್ಮ ತಲೆ ಮೇಲೆ ಬಿಡುತ್ತದೆ.

ಅಲ್ಲಿಯವರೆಗೆ ನನ್ನ ಲೆಕ್ಕವೇ ಬೇರೆ ಇತ್ತು. ದುಡ್ಡನ್ನೆಲ್ಲ ಗೋಡೆಗೆ ಮತ್ತು ಎರಡು ಪದರದ ಗಾಜಿನ ಕಿಟಕಿಗಳಿಗೆ ಎತ್ತಿಟ್ಟಿದ್ದೆ. ತಾರಸಿಗೆ ಬಿಳಿ ಬಣ್ಣ ಬಳಿದರೆ ಸಾಕು ಅಂತ ಅಂದಾಜು. ಬಿಳಿ ಬಣ್ಣ ಕೆಲಸ ಮಾಡುವುದಿಲ್ಲ ಅಂತಲ್ಲ. ಹೊಸದಾಗಿದ್ದಾಗ ಬಿಸಿಲಿನ ಮುಕ್ಕಾಲು ಭಾಗವನ್ನು ವಾಪಸ್ ಕಳಿಸುತ್ತದೆ. ಆದರೆ ಧೂಳು ಕೂತಂತೆ, ಪಾಚಿ ಹಿಡಿದಂತೆ ಅದರ ಗುಣ ಇಳಿಯುತ್ತದೆ. ಗೋಡೆಗೆ ದಿನದಲ್ಲಿ ಕೆಲವು ಗಂಟೆ ಓರೆ ಬಿಸಿಲು. ತಾರಸಿಗೆ ಹಾಗಲ್ಲ, ಬೆಳಗಿನಿಂದ ಸಂಜೆವರೆಗೆ ನೆತ್ತಿಯ ಮೇಲೆ. ನಡು ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚುಕಡಿಮೆ 1000 ವ್ಯಾಟ್ ಬೀಳುತ್ತದೆ. ಮೀಟರಿಗೊಂದು ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ಎರಡು ಪದರದ ಗಾಜಿನ ಆಸೆ ಬಿಟ್ಟು ಆ ದುಡ್ಡನ್ನು ತಾರಸಿಗೆ ಶಾಖ ತಡೆಯುವ ಹಾಳೆ ಹಾಕಿಸಲು ಎತ್ತಿಟ್ಟೆ.

ಯಾವ ಹಾಳೆ ಅಂತ ತಲೆ ಕೆಡಿಸಿಕೊಂಡವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಶಾಖ ಒಂದು ವಸ್ತುವಿನಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇರುತ್ತದೆ. ಕಾಂಕ್ರೀಟಿಗೆ ಅದು ಸುಮಾರು 1.5. ಥರ್ಮಾಕೋಲ್ ಜಾತಿಯದೇ ಆದ, ಆದರೆ ಗಟ್ಟಿಯಾದ ಎಕ್ಸ್‌ಪಿಎಸ್ ಹಾಳೆಗೆ ಸುಮಾರು 0.03. ಅಂದರೆ 2 ಇಂಚಿನ ಹಾಳೆ ತಡೆಯುವಷ್ಟು ಶಾಖವನ್ನು ಬರೀ ಕಾಂಕ್ರೀಟಿನಿಂದ ತಡೆಯಬೇಕಾದರೆ ಅದು ಎರಡೂವರೆ ಮೀಟರ್ ದಪ್ಪ ಇರಬೇಕು. ಸಾಧಾರಣ ಥರ್ಮಾಕೋಲೂ ಶಾಖ ತಡೆಯುವುದರಲ್ಲಿ ತೀರಾ ಹಿಂದೆ ಇಲ್ಲ. ಆದರೆ ಅದರ ಕಾಳುಗಳ ಸಂದಿಗೆ ನೀರು ಹೋಗುತ್ತದೆ, ಒದ್ದೆಯಾದರೆ ಗುಣ ಕಳೆದುಕೊಳ್ಳುತ್ತದೆ. ಗಾಜಿನ ಎಳೆಗಳಿಂದ ಮಾಡಿದ ಗ್ಲಾಸ್ ವುಲ್‌ನದೂ ಇದೇ ಕಥೆ. ಮಳೆ ಬೀಳುವ ತಾರಸಿಗೆ ಅಷ್ಟಾಗಿ ನೀರು ಕುಡಿಯದ ಹಾಳೆಯೇ ಬೇಕಿತ್ತು, ಅದಕ್ಕೇ ಎಕ್ಸ್‌ಪಿಎಸ್ ಆರಿಸಿದೆ.

ಹಾಳೆ ಒಳಗೋ ಹೊರಗೋ ಅನ್ನುವುದು ಮುಂದಿನ ಪ್ರಶ್ನೆ. ಸೂರಿನ ಕೆಳಗೆ ಅಂಟಿಸಿ ಫಾಲ್ಸ್ ಸೀಲಿಂಗ್ ಮಾಡಿ, ಕೆಲಸ ಸುಲಭ ಅಂತ ತುಂಬಾ ಜನ ಹೇಳಿದರು. ಸುಲಭ ನಿಜ. ದಿನಕ್ಕೆ ಒಂದೆರಡು ಗಂಟೆ ಎಸಿ ಹಾಕಿ ಕೂರುವ ಕೋಣೆಗೆ ಅದೇ ಒಳ್ಳೆಯದು ಕೂಡ, ಯಾಕೆಂದರೆ ಕೋಣೆ ಬೇಗ ತಣ್ಣಗಾಗುತ್ತದೆ. ಆದರೆ ಹಾಗೆ ಮಾಡಿದರೆ ಕಾಂಕ್ರೀಟ್ ಹೊರಗೇ ಉಳಿದು ದಿನಾ ಬಿಸಿಯಾಗುತ್ತದೆ, ದಿನಾ ಹಿಗ್ಗಿ ಕುಗ್ಗುತ್ತದೆ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಬಿರುಕು ಬರುವುದಕ್ಕೆ ಇದೂ ಒಂದು ಕಾರಣ. ಹಾಳೆಯನ್ನು ಮೇಲೆ ಹಾಸಿದರೆ ಕಾಂಕ್ರೀಟ್ ನೆರಳಿನಲ್ಲಿರುತ್ತದೆ. ರಾತ್ರಿ ಕಿಟಕಿ ತೆರೆದು ಅದನ್ನು ತಣಿಸಿದರೆ ಮರುದಿನ ಮಧ್ಯಾಹ್ನದವರೆಗೂ ಆ ತಂಪು ನಮ್ಮದು.

ಮೇಸ್ತ್ರಿಗೆ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. "ಸಾರ್, ತಾರಸಿ ಮೇಲೆ ಥರ್ಮಾಕೋಲಾ? ಕಾಲಿಟ್ಟರೆ ಕುಸಿಯಲ್ವಾ?" ನಾನು ಒಂದು ತುಂಡನ್ನು ನೆಲಕ್ಕಿಟ್ಟು ಮೇಲೆ ಹತ್ತಿ ನಿಂತೆ. ಅವರೂ ಹತ್ತಿ ಕುಣಿದು ನೋಡಿದರು. ಒಪ್ಪಿದರು.

ಮೊದಲು ವಾಟ, ಅಂದರೆ ಇಳಿಜಾರು, ಸರಿ ಮಾಡಿಸಿದೆವು, 100 ಅಡಿಗೆ 1 ಅಡಿಯಂತೆ ನೀರು ಹೋಗುವ ಕೊಳವೆಯ ಕಡೆಗೆ. ಅದರ ಮೇಲೆ ವಾಟರ್‌ಪ್ರೂಫಿಂಗ್. ಆಮೇಲೆ ಕೊಳವೆಗಳನ್ನು ಮುಚ್ಚಿ 3 ದಿನ ನೀರು ನಿಲ್ಲಿಸಿದೆವು. ಈ 3 ದಿನ ಬಿಡಲೇಬೇಡಿ. ಎರಡನೇ ದಿನ ಒಂದು ಕೊಳವೆಯ ಸುತ್ತ ಸೂರಿನಲ್ಲಿ ಒದ್ದೆ ಉಂಗುರ ಕಂಡಿತು. ಹಾಳೆ, ಕಾಂಕ್ರೀಟ್ ಎಲ್ಲ ಆದ ಮೇಲೆ ಅದು ಗೊತ್ತಾಗಿದ್ದರೆ ಅಷ್ಟನ್ನೂ ಒಡೆಯಬೇಕಿತ್ತು.

ಹಾಳೆ ಹಾಸುವ ದಿನ ನಾನು ಒಂದು ಗಂಟೆ ತಡವಾಗಿ ಬಂದೆ. ಹಾಳೆ ಸರಿಯದಿರಲಿ ಅಂತ ಒಬ್ಬರು ಪ್ಲೈವುಡ್‌ಗೆ ಬಳಸುವ ಅಂಟನ್ನು ಧಾರಾಳವಾಗಿ ಬಳಿದು ಅಂಟಿಸುತ್ತಿದ್ದರು. ಒಂದು ಹಾಳೆ ಎತ್ತಿ ನೋಡಿದರೆ ಕೆಳಗೆಲ್ಲ ಇಲಿ ತಿಂದ ಹಾಗೆ ಗುಳಿ. ಆ ಅಂಟಿನಲ್ಲಿರುವ ದ್ರಾವಕ ಈ ಜಾತಿಯ ಹಾಳೆಯನ್ನು ಕರಗಿಸಿಬಿಡುತ್ತದೆ. 9 ಹಾಳೆ ಹೋದವು. ತಪ್ಪು ನನ್ನದೇ, ಮೊದಲೇ ಹೇಳಿರಲಿಲ್ಲ. ನಿಜಕ್ಕೂ ಅಂಟೇ ಬೇಕಿರಲಿಲ್ಲ. ಮೇಲೆ ಬರುವ ಕಾಂಕ್ರೀಟಿನ ಭಾರವೇ ಹಿಡಿದುಕೊಳ್ಳುತ್ತದೆ. ಆದರೆ ಆ ಭಾರ ಬರುವವರೆಗೆ ಗಾಳಿಯ ಕಾಟ. ಅದೇ ಸಂಜೆ ಗಾಳಿ ಎದ್ದು 3 ಹಾಳೆ ಪಕ್ಕದ ಸೈಟಿಗೆ ಹಾರಿದವು. ಮರುದಿನದಿಂದ ಆ ದಿನ ಮುಚ್ಚಲು ಆಗುವಷ್ಟನ್ನೇ ಹಾಸಿದೆವು. ಬಿಸಿಲಿಗೆ ಬಿಟ್ಟರೂ ಹಾಳೆ ಹಳದಿಯಾಗಿ ಪುಡಿ ಏಳುತ್ತದೆ, ಆದ್ದರಿಂದ ಹೀಗೇ ಒಳ್ಳೆಯದು. ಇಟ್ಟಿಗೆ ಕಟ್ಟುವ ಹಾಗೆ ಸಂದಿಗೆ ಸಂದಿ ಕೂಡದಂತೆ ಜೋಡಿಸಿ, ಮೇಲೆ ಒಂದು ಬಟ್ಟೆಯ ಪದರ, ಜಾಲರಿ, 2 ಇಂಚು ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್.

ಮುಂದಿನ ಬೇಸಿಗೆಯಲ್ಲಿ ಅದೇ ಥರ್ಮಾಮೀಟರ್ ಹಿಡಿದೆ. ಸಂಜೆ 6ಕ್ಕೆ ಸೂರು 33.

ಗೋಡೆಗೆ ಎಎಸಿ ಬ್ಲಾಕ್ ಆರಿಸಿಕೊಂಡಿದ್ದೆ. ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್. ಅದೇ ದಪ್ಪದ ಕಾಂಕ್ರೀಟ್ ಬ್ಲಾಕಿಗಿಂತ ಹಲವು ಪಟ್ಟು ಚೆನ್ನಾಗಿ ಶಾಖ ತಡೆಯುತ್ತದೆ. ಆದರೆ ಇದಕ್ಕೆ ಇಟ್ಟಿಗೆಯ ಅಭ್ಯಾಸ ನಡೆಯುವುದಿಲ್ಲ. ಇಟ್ಟಿಗೆಯ ಹಾಗೆ ಡ್ರಮ್ಮಿನಲ್ಲಿ ಮುಳುಗಿಸಿದರೆ ನೀರು ಕುಡಿದು, ಆಮೇಲೆ ಒಣಗಿ ಕುಗ್ಗಿ, ಗಾರೆಯ ಮೇಲೆ ಕೂದಲೆಳೆ ಬಿರುಕು. ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ಬ್ಲಾಕ್ ಮತ್ತು ಕಾಂಕ್ರೀಟ್ ಕಂಬ ಕೂಡುವಲ್ಲಿ ಗಾರೆಗೆ ಮೊದಲು ಚಿಕನ್ ಮೆಶ್ ಅನ್ನುವ ತಂತಿ ಬಲೆ ಹೊಡೆಯಬೇಕು. ಒಂದು ಕೋಣೆಯಲ್ಲಿ ಮೆಶ್ ಮುಗಿದಿತ್ತು, ನಡೆಯುತ್ತೆ ಬಿಡಿ ಅಂದೆ. ಈಗ ಆ ಕೋಣೆಯಲ್ಲಿ ಮಾತ್ರ ಸೂರಿನಿಂದ ನೆಲದವರೆಗೆ ನೇರ ಗೆರೆ ಇದೆ. ಭಾರದ ಕಪಾಟು ಎಲ್ಲಿ ತೂಗುಹಾಕುತ್ತೀರಿ ಅಂತಲೂ ಮೊದಲೇ ಯೋಚಿಸಿ, ಅಲ್ಲೊಂದು ಕಾಂಕ್ರೀಟ್ ಪಟ್ಟಿ ಹಾಕಿಸಿ. ಸಾಮಾನ್ಯ ಮೊಳೆ ಈ ಬ್ಲಾಕಿನಲ್ಲಿ ನಿಲ್ಲುವುದಿಲ್ಲ.

ನನಗೆ ಇನ್ನೂ ಬೇಸರ ಇರುವುದು ಪಶ್ಚಿಮದ ಗೋಡೆಯ ಬಗ್ಗೆ. ಬ್ಲಾಕ್ ಚೆನ್ನಾಗಿದೆ, ಆದರೆ ಅದರ ನಡುವೆ ಕಂಬ, ಕಿಟಕಿ ಮೇಲಿನ ತೊಲೆ (ಲಿಂಟೆಲ್) ಎಲ್ಲ ಬರೀ ಕಾಂಕ್ರೀಟ್. ಸಂಜೆ ಒಳಗಿನಿಂದ ಗೋಡೆ ಸವರಿದರೆ ಕಂಬ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಅಲ್ಲಿ ಬಿಸಿ. ಕಂಬವನ್ನು ಒಂದು ಇಂಚು ಒಳಗೆ ಸರಿಸಿ, ಹೊರಗಡೆ ಅಷ್ಟು ದಪ್ಪದ ಹಾಳೆ ಮುಚ್ಚಿ ಗಾರೆ ಮಾಡಿಸಬಹುದಿತ್ತು. ಆಗ ಹೊಳೆಯಲಿಲ್ಲ.

ಅದೇ ಗೋಡೆಯಲ್ಲಿ ನಕ್ಷೆಯ ಪ್ರಕಾರ 6 ಅಡಿ ಅಗಲದ ಕಿಟಕಿ ಇತ್ತು. 3 ಅಡಿಗೆ ಇಳಿಸಿದೆ. ಕಿಟಕಿ ಮೇಲೆ ನೆರಳಿಗೆ ಸಜ್ಜೆ ಇದೆಯಲ್ಲ ಅಂತ ಎಲ್ಲರೂ ಅಂದರು. ಸಜ್ಜೆ ಮಧ್ಯಾಹ್ನದ ಎತ್ತರದ ಬಿಸಿಲಿಗೆ ಸರಿ. ಸಂಜೆಯ ಸೂರ್ಯ ಅದರ ಕೆಳಗಿಂದಲೇ ಒಳಗೆ ಇಣುಕುತ್ತಾನೆ. ಒಳಗೆ ಪರದೆ ಎಳೆದರೂ ಅಷ್ಟಕ್ಕಷ್ಟೆ, ಯಾಕೆಂದರೆ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಆಗಿರುತ್ತದೆ. ಪರದೆಯನ್ನು ಕಾಯಿಸಿ ಆ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ಗಾಜಿನ ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟ ಮೇಲೆ ಆ ಕೋಣೆ ಸಂಜೆ ಕೂರುವ ಹಾಗಾಯಿತು.

ತಾರಸಿಯ ಮೇಲಿನ ನೀರಿನ ಪೈಪುಗಳನ್ನು ಮಾತ್ರ ಪೂರ್ತಿ ಮರೆತಿದ್ದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೊದಲ ಅರ್ಧ ಬಕೆಟ್ ಕೈ ಸುಡುವ ನೀರು. ಕಪ್ಪು ಫೋಮ್ ಕೊಳವೆ ತೊಡಿಸಿದೆ. ಒಂದು ವರ್ಷದಲ್ಲಿ ಅದು ಬಿಸಿಲಿಗೆ ಬಿರುಕು ಬಿಟ್ಟು ಉದುರಿತು. ಈಗ ಹೊಸದು ತೊಡಿಸಿ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿದ್ದೇನೆ. ಎರಡು ಬೇಸಿಗೆ ಕಳೆದಿದೆ, ಇನ್ನೂ ಹಾಗೇ ಇದೆ.