ಮಳೆಗಾಲದ ಚಾರಣಕ್ಕೆ ಪ್ಯಾರಾಕಾರ್ಡ್

ನನ್ನ ಬ್ಯಾಗಿನಲ್ಲಿ ಯಾವಾಗಲೂ 15 ಮೀಟರ್ ಪ್ಯಾರಾಕಾರ್ಡ್ ಇರುತ್ತದೆ. ಸುಮಾರು 4 ಮಿ.ಮೀ. ದಪ್ಪದ ನೈಲಾನ್ ಹಗ್ಗ. ಮೊದಲು ಪ್ಯಾರಾಚೂಟ್‌ಗೆ ಬಳಸುತ್ತಿದ್ದರು. '550' ಎಂಬ ಬಗೆ ಸುಮಾರು 250 ಕಿಲೋ ಎಳೆತ ತಡೆಯುತ್ತದೆ.

ನನಗೆ ಜಾಸ್ತಿ ಉಪಯೋಗವಾಗಿದ್ದು ಟಾರ್ಪಾಲು ಕಟ್ಟಲು. ಮೂಡಿಗೆರೆ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ಸಿಲ್ವರ್ ಮರಗಳ ನಡುವೆ ಕಟ್ಟಿದ್ದೆವು. ಒಂದು ತುದಿ ಮರಕ್ಕೆ ಬಿಗಿಯಿರಿ. ಇನ್ನೊಂದು ಮರದ ಹತ್ತಿರ ಹಗ್ಗದಲ್ಲೇ ಒಂದು ಕುಣಿಕೆ ಮಾಡಿ. ತುದಿಯನ್ನು ಮರ ಸುತ್ತಿಸಿ ಕುಣಿಕೆಯೊಳಗೆ ತೂರಿಸಿ, ಹಿಂದಕ್ಕೆ ಎಳೆಯಿರಿ. ಲಾರಿಯವರು ಲೋಡು ಬಿಗಿಯುತ್ತಾರಲ್ವಾ, ಹಾಗೆಯೇ. ಕೊನೆಯ ಗಂಟು ಜಾರುಗಂಟೇ ಇರಲಿ, ಒದ್ದೆ ಕೈಯಲ್ಲೂ ಬಿಚ್ಚಬಹುದು. ನೈಲಾನ್ ನೆನೆದರೆ ಹಿಗ್ಗುತ್ತದೆ, ರಾತ್ರಿ ಒಮ್ಮೆ ಮತ್ತೆ ಬಿಗಿಮಾಡಿ. ಹಗ್ಗದ ಗುಂಟ ನೀರು ಒಳಗೆ ಹರಿದು ಬರುತ್ತದೆ. ಟಾರ್ಪಾಲಿನ ಹೊರಗೆ ಹಗ್ಗಕ್ಕೆ ಒಂದು ಬಟ್ಟೆಚೂರು ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈ ಹಗ್ಗದ ಒಳಗೆ ಸಾಮಾನ್ಯವಾಗಿ 7 ಎಳೆಗಳಿರುತ್ತವೆ. ಕುದುರೆಮುಖದ ಹಾದಿಯಲ್ಲಿ ಗೆಳೆಯನ ಶೂ ಅಟ್ಟೆ ಕಿತ್ತುಬಂದಾಗ ಹಗ್ಗವನ್ನೇ ಸುತ್ತಿ ಕಟ್ಟಿದೆವು. ಬ್ಯಾಗು ಹರಿದರೆ ಒಳಗಿನ ಒಂದು ಎಳೆ ಹೊಲಿಯಲು ಸಾಕು.

ಕತ್ತರಿಸಿದ ತುದಿಯನ್ನು ಲೈಟರಿನಲ್ಲಿ ಕರಗಿಸಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಕರಗಿದ್ದನ್ನು ಬೆರಳಲ್ಲಿ ಮುಟ್ಟಬೇಡಿ.

ದಯವಿಟ್ಟು ಇದನ್ನು ಹಿಡಿದು ಬಂಡೆ ಹತ್ತಬೇಡಿ, ಇಳಿಯಬೇಡಿ. ಬಿದ್ದಾಗಿನ ಜಗ್ಗು 250 ಕಿಲೋ ಮೀರಬಹುದು. ಚೂಪು ಕಲ್ಲಿಗೆ ಉಜ್ಜಿದರೂ ತುಂಡಾಗುತ್ತದೆ.