ಅಮೆರಿಕದ ಫೋನ್ ನಮ್ಮೂರಲ್ಲಿ ಟವರ್ ಹಿಡಿಯುತ್ತಾ? ಕೊಳ್ಳುವ ಮೊದಲೇ ಹೀಗೆ ನೋಡಿ

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ ಅಮ್ಮನಿಗೆ ಫೋನ್ ತರುವುದು ಈಗ ಮಾಮೂಲು. ಹೊಸ ಫೋನ್, ಒಳ್ಳೆಯ ಕ್ಯಾಮೆರಾ. ಆದರೆ ಮಲೆನಾಡಿನ ತೋಟದ ಮನೆಯಲ್ಲಿ ಸಿಮ್ ಹಾಕಿ ನೋಡಿದರೆ ಟವರೇ ಇಲ್ಲ. ಹೆಚ್ಚಿನ ಸಲ ಫೋನ್ ಕೆಟ್ಟಿರುವುದಿಲ್ಲ. ಆ ಊರಿನ ಟವರ್ ಬಳಸುವ ಬ್ಯಾಂಡ್ ಅದರಲ್ಲಿ ಇರುವುದಿಲ್ಲ, ಅಷ್ಟೇ.

ಟವರ್ ಮತ್ತು ಫೋನ್ ಮಾತಾಡಿಕೊಳ್ಳುವುದು ರೇಡಿಯೋ ಅಲೆಗಳಲ್ಲಿ. ಯಾವ ಕಂಪನಿ ಯಾವ ಅಲೆ ಬಳಸಬೇಕೆಂದು ಸರ್ಕಾರ ಹಂಚಿಕೊಟ್ಟಿರುತ್ತದೆ. ಹೀಗೆ ಹಂಚಿದ ಒಂದೊಂದು ಪಾಲಿಗೂ ಒಂದು ನಂಬರ್ ಇದೆ. ಅದೇ ಬ್ಯಾಂಡ್. ಅಮೆರಿಕದ ಹಂಚಿಕೆ ಬೇರೆ, ನಮ್ಮದು ಬೇರೆ.

ಮೊದಲು ಸಿಮ್ ಯಾವುದು ಕೇಳಿ

ಫೋನ್ ಯಾವುದು ಅನ್ನುವುದು ಆಮೇಲೆ. ಮನೆಯಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಚೆನ್ನಾಗಿದೆ ಎಂದು ಅಮ್ಮನನ್ನೇ ಕೇಳಿ. ನಮ್ಮ ದೇಶದಲ್ಲಿ 4ಜಿಗೆ ಜಿಯೋ ಬಳಸುವುದು ಬ್ಯಾಂಡ್ 3, 5 ಮತ್ತು 40. ಏರ್‌ಟೆಲ್‌ಗೆ ಮುಖ್ಯವಾಗಿ 1, 3, 8, 40. ವಿ (ವೊಡಾಫೋನ್ ಐಡಿಯಾ) ಕಂಪನಿಗೆ 1, 3, 8, ಕೆಲವು ಕಡೆ 41. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 28 ಮತ್ತು 1. 5ಜಿ ಬೇಕಿದ್ದರೆ ಎನ್78 ಎಂಬ 5ಜಿ ಬ್ಯಾಂಡ್ ಇರಲೇಬೇಕು. ಜಿಯೋ ಸಿಮ್ ಆದರೆ ಎನ್28 ಕೂಡ ಇರಲಿ.

ಇವೆಲ್ಲ ಒಂದೇ ತೂಕದವಲ್ಲ. ಬ್ಯಾಂಡ್ 40 ಎಂದರೆ 2300 ಮೆಗಾಹರ್ಟ್ಸ್. ವೇಗ ಚೆನ್ನಾಗಿರುತ್ತದೆ, ಆದರೆ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಬ್ಯಾಂಡ್ 28, 5 ಮತ್ತು 8 ಕ್ರಮವಾಗಿ 700, 850, 900 ಮೆಗಾಹರ್ಟ್ಸ್‌ನವು. ಇವು ದೂರ ಹೋಗುತ್ತವೆ, ಮರ ಗಿಡ, ದಪ್ಪ ಗೋಡೆ ದಾಟಿ ಒಳಗೆ ಬರುತ್ತವೆ. ಬೆಂಗಳೂರಿನ ಫೋನ್‌ನಲ್ಲಿ 40 ಇಲ್ಲದಿದ್ದರೆ ನೆಟ್ ಸ್ವಲ್ಪ ನಿಧಾನ ಆಗಬಹುದು. ಆದರೆ ಹಳ್ಳಿ ಮನೆಯ ಫೋನ್‌ನಲ್ಲಿ ಅಲ್ಲಿನ ಸಿಮ್‌ಗೆ ತಕ್ಕ 5, 8 ಅಥವಾ 28 ಇಲ್ಲದಿದ್ದರೆ ಮಾತಾಡಲು ಅಂಗಳಕ್ಕೆ ಓಡಬೇಕಾಗುತ್ತದೆ. ವಯಸ್ಸಾದವರಿಗೆ ಫೋನ್ ಆರಿಸುವಾಗ ಕ್ಯಾಮೆರಾಗಿಂತ ಮೊದಲು ಇದನ್ನು ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಹೆಸರು ಸಾಲದು, ಮಾಡೆಲ್ ನಂಬರ್ ಬೇಕು

ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ಬರುತ್ತದೆ. ಹಾಗಾಗಿ ಡಬ್ಬದ ಹಿಂಬದಿಯ ಮಾಡೆಲ್ ನಂಬರ್ ಬರೆದುಕೊಳ್ಳಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಮಾಡೆಲ್ ನಂಬರ್ ಮೇಲೆ ಒಮ್ಮೆ ಒತ್ತಿ. 'ಎ' ಅಕ್ಷರದ ಮುಂದೆ ನಾಲ್ಕು ಅಂಕಿ ಕಾಣುತ್ತದೆ. ಬೇಕಾದ್ದು ಅದೇ. ಆ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಬ್ಯಾಂಡ್‌ಗಳ ಪಟ್ಟಿಯನ್ನು ಮೇಲಿನ ನಂಬರ್‌ಗಳ ಜೊತೆ ಹೋಲಿಸಿ.

ದುಬಾರಿ ಐಫೋನ್, ಪಿಕ್ಸೆಲ್, ಗ್ಯಾಲಕ್ಸಿಗಳಲ್ಲಿ ನಮ್ಮ ಬ್ಯಾಂಡ್‌ಗಳು ಸಾಮಾನ್ಯವಾಗಿ ಇರುತ್ತವೆ. ಜಾಸ್ತಿ ಎಚ್ಚರ ಬೇಕಿರುವುದು ಅಲ್ಲಿನ ಪ್ರೀಪೇಯ್ಡ್ ಕಂಪನಿಗಳು ಅಗ್ಗಕ್ಕೆ ಮಾರುವ ಫೋನ್‌ಗಳಲ್ಲಿ. ಅವುಗಳನ್ನು ಮಾಡಿರುವುದು ಅಲ್ಲಿನ 2, 4, 12, 13, 66, 71ಕ್ಕಾಗಿ. ಇವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಲಾಕ್ ಬಿಡಿಸದೆ ವಿಮಾನ ಹತ್ತಬೇಡಿ

ಕಂತಿನಲ್ಲಿ ಕೊಂಡ ಫೋನ್ ಆ ಕಂಪನಿಯ ಸಿಮ್‌ಗೇ ಲಾಕ್ ಆಗಿರಬಹುದು. ಐಫೋನ್‌ನ ಅಬೌಟ್ ಪುಟದ ಕೆಳಗೆ ಕ್ಯಾರಿಯರ್ ಲಾಕ್ ಎಂಬ ಸಾಲಿದೆ. ಅಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿರಬೇಕು. ಇಲ್ಲದಿದ್ದರೆ ಅಲ್ಲಿಯೇ ಬಿಡಿಸಿಕೊಳ್ಳಿ, ಇಲ್ಲಿಂದ ಅದಕ್ಕೆ ಓಡಾಡುವುದು ಕಷ್ಟ. ಇನ್ನೊಂದು ಮಾತು: ಅಮೆರಿಕದಲ್ಲಿ ಐಫೋನ್ 14ರಿಂದ ಮುಂದಿನವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ. ಇಸಿಮ್ ಮಾತ್ರ, ಅಂದರೆ ಫೋನ್‌ನೊಳಗೇ ಇರುವ, ಕಾರ್ಡ್ ಬೇಡದ ಸಿಮ್. ಅಪ್ಪನ ಹಳೆಯ ಸಿಮ್ಮನ್ನು ಇಸಿಮ್‌ಗೆ ಬದಲಿಸಿಕೊಡಬೇಕಾಗುತ್ತದೆ.

ಬ್ಯಾಂಡ್ ಸರಿ ಇದ್ದರೂ ಕರೆ ಹೋಗದಿರಬಹುದು. ಜಿಯೋಗೆ 2ಜಿ, 3ಜಿ ಇಲ್ಲ, ಅದರ ಕರೆಗಳು ವೋಲ್ಟಿಯಲ್ಲೇ, ಅಂದರೆ 4ಜಿ ನೆಟ್‌ವರ್ಕ್ ಮೂಲಕವೇ ಹೋಗುತ್ತವೆ. ನಮ್ಮ ಸಿಮ್‌ನಲ್ಲಿ ವೋಲ್ಟಿ ಕರೆಗೆ ಆ ಫೋನ್‌ನ ಸಾಫ್ಟ್‌ವೇರ್ ಅವಕಾಶ ಕೊಡಬೇಕು. 5ಜಿ ಕಥೆಯೂ ಹೀಗೇ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ 5ಜಿ ಶುರುವಾದರೂ, ಐಫೋನ್‌ಗಳಿಗೆ ಅದು ಸಿಕ್ಕಿದ್ದು ಡಿಸೆಂಬರ್‌ನ ಅಪ್‌ಡೇಟ್ ಬಂದ ಮೇಲೆ.

ಸೆಕೆಂಡ್ ಹ್ಯಾಂಡ್ ಫೋನನ್ನು ಇಲ್ಲಿ ಕೊಳ್ಳುವುದಾದರೆ *#06# ಒತ್ತಿ ಐಎಂಇಐ, ಅಂದರೆ ಆ ಫೋನ್‌ನ ಗುರುತಿನ ನಂಬರ್ ತೆಗೆಯಿರಿ. ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ನಂಬರ್ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ.

ಮನೆಯೊಳಗೇ ಪರೀಕ್ಷೆ ಮಾಡಿ

ಫೋನ್ ಬಂದ ಮೇಲೆ ವೈಫೈ ಆಫ್ ಮಾಡಿ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆಯುತ್ತದೆ. ಈಗ ಹಿಡಿದಿರುವ ಬ್ಯಾಂಡ್ ನಂಬರ್ ಅಲ್ಲಿ ಸಿಗುತ್ತದೆ. ಆಂಡ್ರಾಯ್ಡ್‌ಗೆ ನೆಟ್‌ಮಾನ್‌ಸ್ಟರ್ ಎಂಬ ಆ್ಯಪ್ ಇದೆ. ಅಂಗಳದಲ್ಲಿ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ ನೋಡಿ. ಹೊರಗೆ 40 ಇದ್ದದ್ದು ಒಳಗೆ 5ಕ್ಕೋ 8ಕ್ಕೋ ಇಳಿದು, ಕರೆ ಸರಾಗ ಹೋಗುತ್ತಿದ್ದರೆ ಫೋನ್ ಆ ಮನೆಗೆ ಹೊಂದುತ್ತದೆ.

ಇಲ್ಲಿಂದ ಅಮೆರಿಕಕ್ಕೆ ಓದಲು ಹೊರಟವರು ಇದೇ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಅಲ್ಲಿಯ ದೊಡ್ಡ ಕಂಪನಿಗಳು 3ಜಿಯನ್ನು 2022ರಲ್ಲೇ ಮುಗಿಸಿವೆ, ಹಾಗಾಗಿ ಅಲ್ಲೂ ಕರೆಗೆ ವೋಲ್ಟಿ ಬೇಕು. ಎಟಿ ಆ್ಯಂಡ್ ಟಿ ತಾನು ಒಪ್ಪುವ ಫೋನ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಸಿಮ್ ಕೊಳ್ಳುವ ಮೊದಲು ನಿಮ್ಮ ಮಾಡೆಲ್ ಅದರಲ್ಲಿದೆಯಾ ಎಂದು ಇಲ್ಲಿಂದಲೇ ನೋಡಿಕೊಳ್ಳಿ.