ಸಂತೆ ದಿನದ ಬಳಗ: ಮಕ್ಕಳ ಮನಸ್ಸಿನ ಕಾಯಿಲೆಗೆ ಹೆತ್ತವರು ಹೆತ್ತವರಿಗೆ ಆಸರೆಯಾಗುವ ಬಗೆ

ಇಂಥ ಹೆತ್ತವರ ಬಳಗಕ್ಕೆ ಆರರಿಂದ ಎಂಟು ಮನೆಯವರು ಸಾಕು. ಹತ್ತು ದಾಟಿದರೆ ಮಾತು ಬಲ್ಲವರೇ ಮಾತಾಡುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಸೇರಲು ಸಂತೆ ದಿನವೇ ಸರಿ: ಹೇಗೂ ಪೇಟೆಗೆ ಬಂದಿರುತ್ತಾರೆ, ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲ. ಬಾಗಿಲಿಗೆ ಬೋರ್ಡ್ ಬೇಡ. ಒಂದೂವರೆ ಗಂಟೆಯಲ್ಲಿ, ಕೊನೇ ಬಸ್ಸಿಗೆ ಮೊದಲೇ ಮುಗಿಸಿ. ಮಳೆಗಾಲದಲ್ಲಿ ಫೋನಿನಲ್ಲೇ ಸೇರಿ (ನೆಟ್‌ವರ್ಕ್ ಸಿಕ್ಕರೆ).

ಒಬ್ಬೊಬ್ಬರಿಗೂ ಐದು ನಿಮಿಷ, ನಡುವೆ ಯಾರೂ ಬಾಯಿ ಹಾಕಬಾರದು. ಸಲಹೆ, ಕೇಳಿದವರಿಗಷ್ಟೇ. ಬಳಗ ಒಡೆಯುವುದು ಹೆಚ್ಚಾಗಿ ಒಳಗಿನ ಮಾತು ಹೊರಗೆ ಹೋದಾಗ, ಇಲ್ಲವೇ "ನಮ್ಮ ಹುಡುಗನಿಗೆ ಈ ಮಾತ್ರೆ ಹಿಡಿಸಿತು, ನೀವೂ ಕೊಡಿ" ಎನ್ನುವವರು ಬಂದಾಗ. ಪ್ರಮಾಣ ವಯಸ್ಸು, ತೂಕ, ಕಾಯಿಲೆಗೆ ತಕ್ಕಂತೆ ಬೇರೆ. ಅದು ವೈದ್ಯರ ಕೆಲಸ. ವಾಟ್ಸಾಪ್‌ನಲ್ಲಿ ಮಕ್ಕಳ ಹೆಸರು, ಫೋಟೋ, ಔಷಧಿ ಚೀಟಿ ಹಾಕಬೇಡಿ.

ಮಗು ಸಾಯುವ ಮಾತಾಡಿದೆ ಎಂದು ಯಾರಾದರೂ ಹೇಳಿದರೆ ಒಳಗಿನ ಮಾತು ಹೊರಗೆ ಹೋಗಬಾರದೆಂಬ ನಿಯಮ ಅಲ್ಲಿಗೆ ನಿಂತಿತು. ಮಗುವನ್ನು ಒಂಟಿ ಬಿಡಬಾರದು. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ, ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತ ಕೈಗೆ ಸಿಗುವಲ್ಲೇ ಇರುತ್ತವೆ. ಅಂದೇ ಬೀಗ ಹಾಕಿಸಿ, ಮಾತ್ರೆಗಳಿಗೂ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮಗು ವಿಷವನ್ನೇನಾದರೂ ಕುಡಿದಿದ್ದರೆ ಸಮಾಲೋಚನೆಗೆ ಕೂರಬೇಡಿ: 108ಕ್ಕೆ ಕರೆ ಮಾಡಿ, ವಾಂತಿ ಮಾಡಿಸಬೇಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.